ನಾಲಗೆಯ ಮೇಲಿನ ಪುಡಿ

ಬೆಟ್ಟಸ್ವಾಮಿ ಮಾತಾಡಲು ನಿಂತನೆಂದರೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರೂ ಎಮ್ಮೆಯನ್ನು ಅದರ ಪಾಡಿಗೆ ಬಿಟ್ಟು ಬಂದು ಕೂರುತ್ತಿದ್ದರು. ಸರ್ಕಾರ ಅವನಿಗೆ ಕೊಟ್ಟಿದ್ದು ಒಂದು ಸೈಕಲ್ಲು, ಒಂದು ಖಾಕಿ ಚೀಲ ಮತ್ತು ಗ್ರಾಮಸೇವಕ ಎಂಬ ಹೆಸರು, ಅಷ್ಟೇ. ಮಿಕ್ಕಿದ್ದೆಲ್ಲ ಅವನ ಬಾಯಿಯ ಬಂಡವಾಳ. ಕುಡಿಯುವ ನೀರಿನ ಬಾವಿಯಿಂದ ತಿಪ್ಪೆ ಎಷ್ಟು ದೂರ ಇರಬೇಕು, ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ, ಗೊಬ್ಬರದ ಗುಂಡಿ ಎಷ್ಟು ಆಳ ತೋಡಬೇಕು, ಇಂಥ ಒಣ ಸಂಗತಿಗಳನ್ನೆಲ್ಲ ಅವನು ಅತ್ತೆ ಸೊಸೆಯರ ಜಗಳದ ಹಾಗೆ ಹೇಳುತ್ತಿದ್ದ. ಸೊಳ್ಳೆಗೊಂದು ದನಿ, ತಿಪ್ಪೆಗೊಂದು ದನಿ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು ಮನೆಗೆ ಹೋಗಿ ತಿಪ್ಪೆಯನ್ನು ಇದ್ದಲ್ಲೇ ಇಟ್ಟುಕೊಳ್ಳುತ್ತಿದ್ದರು. ಇಪ್ಪತ್ತನಾಲ್ಕು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ?

ಕೆ.ಆರ್. ನಗರದ ಕಡೆಯವನು. ಕೆಲಸಕ್ಕೆ ಸೇರಿ ಬೆಟ್ಟದಪುರಕ್ಕೆ ಬಂದು ಎರಡು ವರ್ಷವಾಗಿತ್ತು. ಸುತ್ತಿನ ಏಳು ಊರು ಅವನ ಪಾಲಿನವು. ಗುರುಶಾಂತಮ್ಮ ಎಂಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ ಅವನ ವಾಸ, ಅವಳ ಕೈಯಲ್ಲೇ ಊಟ. 'ನಮ್ಮ ಸೇವಕಪ್ಪ ಮಾತಾಡಿದ್ರೆ ಕಲ್ಲೂ ತಲೆ ಆಡಿಸ್ತದೆ' ಎಂದು ಆಕೆ ಬೀದಿಯವರ ಮುಂದೆ ಹೊಗಳುವಳು. ಕಲ್ಲು ತಲೆ ಆಡಿಸುತ್ತಿತ್ತೋ ಏನೋ, ಮನುಷ್ಯರು ಮಾತ್ರ ಆಡಿಸಿ ಸುಮ್ಮನಾಗುತ್ತಿದ್ದರು.

ಐವತ್ತೇಳನೆಯ ಇಸವಿಯ ಮುಂಗಾರಿಗೆ ಮುಂಚೆ ಅವನ ಕೈಗೆ ಏಳು ಡಬ್ಬಿ ಪುಡಿ ಬಂತು. ಹಿಂದಿನ ವರ್ಷ ರಾಗಿಗೆ ಬೆಂಕಿರೋಗ ಬಿದ್ದು ತೆನೆಗಳೆಲ್ಲ ಜೊಳ್ಳಾಗಿದ್ದವು. ಬಿತ್ತನೆಯ ರಾಗಿಗೆ ಈ ಪುಡಿ ಬೆರೆಸಿ ಮಡಕೆಯಲ್ಲಿ ಚೆನ್ನಾಗಿ ಕುಲುಕಿದರೆ ರೋಗ ಬೀಜದಲ್ಲೇ ಸಾಯುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಪಾದರಸ ಬೆರೆತ ಬೂದುಬಣ್ಣದ ಪುಡಿ ಅದು. ಮುಟ್ಟಿದರೆ ಕೈ ತೊಳೆಯಬೇಕು. ಬೆರೆಸಿದ ಬೀಜ ಮಿಕ್ಕರೆ ಹೂತುಬಿಡಬೇಕು. ಮನುಷ್ಯನಾಗಲಿ ದನವಾಗಲಿ ತಿನ್ನಬಾರದು. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವೇ ಇತ್ತು.

ಮೊದಲ ಡಬ್ಬಿ ತೆಗೆದುಕೊಂಡು ಅವನು ಹೋದದ್ದು ಮಾಕನಕೊಪ್ಪಲಿಗೆ. ಗುರುಶಾಂತಮ್ಮನ ತವರೂರು. ಅವಳ ತಮ್ಮ ಕಂಠಪ್ಪ ಅಲ್ಲಿಯ ಯಜಮಾನ. ಅರವತ್ತು ದಾಟಿದ ಗಟ್ಟಿ ಆಳು, ಹಣೆ ತುಂಬ ವಿಭೂತಿ. ಒಂದು ಮಾತನ್ನು ಎರಡು ಸಲ ಆಡುವವನಲ್ಲ, ಆಡಿಸಿಕೊಳ್ಳುವವನೂ ಅಲ್ಲ. ಅವನು ಹೂಂ ಅಂದರೆ ಸುತ್ತಲಿನ ಊರುಗಳೂ ಹೂಂ ಅನ್ನುತ್ತಿದ್ದವು. ಜಗಲಿಯ ತುಂಬ ರೈತರು ಕೂತಿದ್ದರು. ಬೆಟ್ಟಸ್ವಾಮಿ ಬೆಂಕಿರೋಗಕ್ಕೊಂದು ದನಿ, ರಾಗಿಗೊಂದು ದನಿ ಕೊಟ್ಟು ಆಟ ಕಟ್ಟಿದ. ಎಲ್ಲರೂ ನಕ್ಕರು. ಕಂಠಪ್ಪ ನಗಲಿಲ್ಲ.

"ಈ ಪುಡಿ ಬೆರೆಸಿದ್ರೆ ನೆಲ ಸುಟ್ಟೋಗಕಿಲ್ವಾ?" ಎಂದು ಕೇಳಿದ.

"ಇಲ್ಲ ಯಜಮಾನ್ರೇ."

"ನಾಳೆ ಪೈರು ಮೇಯ್ದ ದನ ಸಾಯಕಿಲ್ವಾ?"

"ಇಲ್ಲ ಯಜಮಾನ್ರೇ. ನನ್ನ ಮಾತು ನಂಬಿ."

"ಮಾತು ಎಲ್ರೂ ಆಡ್ತಾರೆ ಬುಡಿ. ಅಷ್ಟು ಒಳ್ಳೇದಾದ್ರೆ ನೀವೇ ವಸಿ ಬಾಯಿಗಾಕ್ಕಳಿ, ನೋಡಾನ."

ಜಗಲಿಗೆ ಜಗಲಿಯೇ ಗೊಳ್ಳೆಂದಿತು. ಬೆಟ್ಟಸ್ವಾಮಿಗೆ ನಗುವಿನ ನಡುವೆಯೇ ಜನ ಎದ್ದು ಪಂಚೆ ಕೊಡವಿಕೊಳ್ಳುವುದು ಕಂಡಿತು. ಇವರು ಎದ್ದರೆ ಈ ವರ್ಷವೂ ಜೊಳ್ಳು ತೆನೆಯೇ ಗತಿ. ಅವನು ತಿರುಗಿ ಚೀಲಕ್ಕೆ ಕೈ ಹಾಕಿದ. ಅದರಲ್ಲಿ ಅವನ ಅವ್ವ ಕಟ್ಟಿಕೊಟ್ಟ ವಿಭೂತಿಯ ಸಣ್ಣ ಡಬ್ಬಿಯಿತ್ತು. ಅದರದೂ ಅದೇ ಬೂದುಬಣ್ಣ. ಒಂದು ಚಿಟಿಕೆ ವಿಭೂತಿಯನ್ನು ಬೆರಳ ಸಂದಿಯಲ್ಲಿ ಹಿಡಿದುಕೊಂಡು, ಪುಡಿಯ ಡಬ್ಬಿಯ ಮುಚ್ಚಳ ತೆಗೆದು ಅದರೊಳಗೆ ಬೆರಳು ಆಡಿಸಿದ ಹಾಗೆ ಮಾಡಿ, ಎಲ್ಲರಿಗೂ ಕಾಣುವಂತೆ ನಾಲಗೆ ಚಾಚಿ ಆ ಚಿಟಿಕೆಯನ್ನು ಇಟ್ಟುಕೊಂಡು ನುಂಗಿದ.

ಕಂಠಪ್ಪ ಅವನ ಮುಖವನ್ನು ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟು ಹೊತ್ತು ನೋಡಿದ. ಆಮೇಲೆ ಡಬ್ಬಿಗೆ ಕೈ ಚಾಚಿದ.

"ತತ್ತಾರಪ್ಪ" ಎಂದ.

ಮೊದಲ ಊರಲ್ಲಿ ಗಾಬರಿಗೆ ಮಾಡಿದ್ದನ್ನು ಬೆಟ್ಟಸ್ವಾಮಿ ಉಳಿದ ಆರು ಊರುಗಳಲ್ಲಿ ಬೇಕೆಂದೇ ಮಾಡಿದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೇ ಇಲ್ಲ ಎಂದರೆ ಅದೂ ಸುಳ್ಳಾದೀತು. ಅನ್ನಿಸಿತ್ತು. ಆದರೆ ಕಾರಣ ಒಳ್ಳೆಯದು, ಪೈರು ಉಳಿಯುತ್ತದೆ, ಒಂದು ಚಿಟಿಕೆ ವಿಭೂತಿಯಿಂದ ಯಾರಿಗೇನು ನಷ್ಟ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಕೊನೆಯಲ್ಲಿ, 'ಮಿಕ್ಕ ಬೀಜ ತಿನ್ನಬೇಡಿ, ಹೂತುಬಿಡಿ' ಎಂದು ಹೇಳುವುದನ್ನು ಎಲ್ಲೂ ತಪ್ಪಿಸಲಿಲ್ಲ. ಕಣ್ಣೆದುರಿಗೇ ಪುಡಿ ತಿಂದು ಬಾಯಿ ಒರೆಸಿಕೊಂಡವನ ಬಾಯಿಂದ ಬಂದ ಆ ಮಾತನ್ನು ಯಾರು ಕಿವಿಗೆ ಹಾಕಿಕೊಂಡಾರು?

ಏಳಕ್ಕೆ ಏಳು ಡಬ್ಬಿಯೂ ಖಾಲಿಯಾದವು. ಬೇರೆ ಸೇವಕರ ಡಬ್ಬಿಗಳು ಕೋಣೆಯಲ್ಲಿ ಧೂಳು ತಿನ್ನುತ್ತಿದ್ದಾಗ ಇವನದು ಖಾಲಿಯೆಂದರೆ ಸುಮ್ಮನೆಯೆ! ಮೇಲಧಿಕಾರಿ ಗೋವಿಂದಯ್ಯನವರಿಂದ ಕಾಗದ ಬಂತು. ಹೊಸದಾಗಿ ಒಂದು ಪ್ರಚಾರದ ವ್ಯಾನು ಬರುತ್ತಿದೆ, ಅದರಲ್ಲಿ ಸಿನಿಮಾ ತೋರಿಸುವ ಯಂತ್ರ, ಮೈಕು ಎಲ್ಲ ಇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕು ಸುತ್ತಿ ಬೇಸಾಯ, ಆರೋಗ್ಯದ ವಿಚಾರ ಹೇಳಲು ನಿನ್ನ ಹೆಸರನ್ನೇ ಕಳಿಸಿದ್ದೇನೆ ಎಂದು ಬರೆದಿದ್ದರು. ಬೆಟ್ಟಸ್ವಾಮಿ ಆ ಕಾಗದವನ್ನು ಅಂಗಿಯ ಒಳಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ. ಕಾಕನಕೋಟೆ ಕಾಡಿನಂಚಿನ ಕಾಡುಜನರ ಹಾಡಿಯಲ್ಲಿ ಮೈಕು ಹಿಡಿದು ಮಲೇರಿಯಾ ಕುರಿತು ಮಾತಾಡುತ್ತಿರುವ ಹಾಗೆ ಕನಸು ಕೂಡ ಬಿತ್ತು.

ಮಳೆ ಚೆನ್ನಾಗಿಯೇ ಹಿಡಿಯಿತು. ಆಷಾಢದ ಒಂದು ಬೆಳಗ್ಗೆ ಗುರುಶಾಂತಮ್ಮ ರೊಟ್ಟಿ ತಂದಿಟ್ಟು, ತಾನು ಮಡಿಸೀರೆ ಉಟ್ಟು ಹೊರಟು ನಿಂತಿದ್ದಳು.

"ಮಧ್ಯಾನಕ್ಕೂ ರೊಟ್ಟಿ ಮುಚ್ಚಿಟ್ಟಿವ್ನಿ ಕಣಪ್ಪ. ನಾನು ತಮ್ಮನ ಮನೆಗೋಯ್ತೀನಿ. ಇವತ್ತು ಕೂರಿಗೆ ಪೂಜೆ."

"ಕೂರಿಗೆ ಪೂಜೆ ಅಂದ್ರೆ?"

"ನಿಮ್ಮ ಕಡೆ ಮಾಡಕಿಲ್ವಾ? ಬಿತ್ತನೆ ಮುಗೀತಲ್ಲ, ಕೂರಿಗೆ ತೊಳ್ದು ಅಂಗಳದಲ್ಲಿಟ್ಟು ಪೂಜೆ ಮಾಡ್ತಾರೆ. ಬಿತ್ತಿ ಮಿಕ್ಕ ಬೀಜದ ರಾಗೀನೇ ಬೀಸಿ ಅಂಬ್ಲಿ ಕಾಸಿ, ಬಿತ್ತಕ್ಕೆ ಬಂದೋರ್ಗೆಲ್ಲ ಬಡಿಸ್ತಾರೆ. ನೆಲತಾಯಿಗೆ ಅಂತ ತೆಗೆದಿಟ್ಟದ್ದು ಒಂದು ಕಾಳೂ ವಾಪಸ್ ಮನೆ ಕಣಜಕ್ಕೋಗಬಾರ್ದು ನೋಡು."

ಬೆಟ್ಟಸ್ವಾಮಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನ ಕಡೆ ಕಾಲುವೆ ನೀರು, ಭತ್ತದ ಗದ್ದೆ, ನಾಟಿ. ಅಲ್ಲಿ ಸಾಲಿನಲ್ಲಿ ಬೀಜ ಬಿತ್ತುವ ಕೂರಿಗೆಯೂ ಇಲ್ಲ, ಕೂರಿಗೆಯ ಪೂಜೆಯೂ ಇಲ್ಲ. ಎರಡು ವರ್ಷ ಈ ಊರುಗಳಲ್ಲಿ ಬಾಯಿ ಬಡಿದುಕೊಂಡಿದ್ದ. ನೀವು ಬಿತ್ತಿದ ಮೇಲೆ ಏನು ಮಾಡುತ್ತೀರಿ ಎಂದು ಒಮ್ಮೆಯಾದರೂ ಒಬ್ಬ ಹೆಂಗಸನ್ನು ಕೇಳಿರಲಿಲ್ಲ.

ಕೈ ತೊಳೆಯದೆಯೇ, ಅವಳನ್ನು ಅಲ್ಲೇ ಬಿಟ್ಟು ಅವನು ಸೈಕಲ್ಲು ಹತ್ತಿದ.

ಮಾಕನಕೊಪ್ಪಲು ಮೂರು ಮೈಲಿ. ದಾರಿಯುದ್ದಕ್ಕೂ ಅವನ ತಲೆ ಜಾಣತನದ ದಾರಿಗಳನ್ನೇ ಹುಡುಕುತ್ತಿತ್ತು. ಮೇಲಿನಿಂದ ಹೊಸ ಆರ್ಡರು ಬಂದಿದೆ ಎಂದರೆ? ಪುಡಿ ಹಳೆಯದಾಗಿ ಕೆಟ್ಟಿದೆ ಎಂದರೆ? ಮನುಷ್ಯನಿಗೆ ಸಿಕ್ಕಿಹಾಕಿಕೊಳ್ಳುವ ಹೊತ್ತಿಗೆ ಬುದ್ಧಿ ಎಷ್ಟು ಚುರುಕಾಗುತ್ತದೆ ಎಂದರೆ, ಕಂಠಪ್ಪನ ಮನೆ ಮುಟ್ಟುವಷ್ಟರಲ್ಲಿ ಅವನ ಬಳಿ ನಾಲ್ಕು ಸುಳ್ಳು ತಯಾರಿದ್ದವು.

ಅಂಗಳದಲ್ಲಿ ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸಿದ್ದರು. ಪೂಜೆ ಮುಗಿದಿತ್ತು. ನಲವತ್ತು ಜನ ಎಲೆ, ಬಟ್ಟಲು ಇಟ್ಟುಕೊಂಡು ಕೂತಿದ್ದರು. ಮೂಲೆಯ ಕಲ್ಲೊಲೆಯ ಮೇಲೆ ದೊಡ್ಡ ಹಂಡೆ. ಕಂಠಪ್ಪನ ಹೆಂಡತಿ ಮಂಗಳಗೌರಿ ಸೆರಗು ಸಿಕ್ಕಿಸಿ ಅಂಬಲಿ ತೊಳಸುತ್ತಿದ್ದಳು. ಮಕ್ಕಳು ಹಂಡೆಯ ಸುತ್ತ ಬಟ್ಟಲು ಬಡಿಯುತ್ತಿದ್ದವು.

"ಬರ್ರಪ್ಪ ಸೇವಕ್ರೇ, ಸರ್ಯಾದ ಒತ್ಗೆ ಬಂದ್ರಿ. ಕೂತ್ಕಳಿ" ಎಂದ ಕಂಠಪ್ಪ. ಆ ದಿನ ಅವನ ಮುಖದಲ್ಲಿ ಅಪರೂಪಕ್ಕೆ ನಗು ಇತ್ತು.

"ಯಜಮಾನ್ರೇ, ಬಡಿಸಬೇಡಿ" ಎಂದ ಬೆಟ್ಟಸ್ವಾಮಿ ಏದುಸಿರಿನಲ್ಲಿ. "ಅದು ಪುಡಿ ಬೆರೆಸಿದ ಬೀಜ. ತಿನ್ನಬಾರದು."

"ಮೂರು ನೀರಲ್ಲಿ ತೊಳ್ದಿವ್ನಿ ಕಣಪ್ಪ" ಎಂದಳು ಮಂಗಳಗೌರಿ. "ಬಣ್ಣಾನೇ ಇಲ್ಲ ಈಗ."

"ತೊಳೆದರೂ ಹೋಗೋದಿಲ್ಲ ತಾಯಿ."

"ಓಗ್ದಿದ್ರೆ ಏನೀಗ?" ಎಂದ ಎಲೆಯ ಮುಂದಿದ್ದ ಒಬ್ಬ. "ನೀವು ಅಸಿ ಪುಡೀನೇ ನುಂಗುದ್ರಲ್ಲ. ಗುಂಡುಕಲ್ಲಂಗಿದ್ದೀರಿ!"

ಎಲ್ಲರೂ ನಕ್ಕರು. ಇವನ ಮಾತಿಗೆ ನಗುವುದನ್ನು ಇವನೇ ಅವರಿಗೆ ಅಭ್ಯಾಸ ಮಾಡಿಸಿದ್ದ. ಮಂಗಳಗೌರಿ ಮೊದಲ ಸೌಟು ಎತ್ತಿದಳು.

ತಯಾರಿದ್ದ ನಾಲ್ಕೂ ಸುಳ್ಳು ಬೆಟ್ಟಸ್ವಾಮಿಯ ನಾಲಗೆಯ ತುದಿಗೆ ಬಂದವು. ಆರ್ಡರು ಎಂದರೆ, ಆರ್ಡರಿಗೇನು ಗೊತ್ತು ನಮ್ಮ ಪೂಜೆ ಎನ್ನುತ್ತಾರೆ. ಕೆಟ್ಟ ಪುಡಿ ಎಂದರೆ, ಹಾಗಿದ್ದರೆ ಬಿತ್ತಿದ್ದೇ ದಂಡವೇ ಎಂದು ಜಗಳಕ್ಕೆ ನಿಲ್ಲುತ್ತಾರೆ. ಹಂಡೆಯನ್ನೇ ಒದ್ದು ಉರುಳಿಸಿಬಿಟ್ಟರೆ? ಇವರು ಹೊಡೆಯುತ್ತಾರೆ, ಆಮೇಲೆ ಮಿಕ್ಕ ಬೀಜವನ್ನು ಇನ್ನೊಂದು ದಿನ ಬೀಸುತ್ತಾರೆ. ಇವರು ನಂಬಿದ್ದು ಅವನ ಮಾತನ್ನಲ್ಲ, ನಾಲಗೆಯ ಮೇಲಿನ ಪುಡಿಯನ್ನು. ಅದನ್ನೇ ಕಿತ್ತು ಹಾಕದೆ ಬೇರೆ ದಾರಿಯಿರಲಿಲ್ಲ.

ಅವನು ಹೋಗಿ ಮಂಗಳಗೌರಿಯ ಸೌಟಿನ ಕೈಯನ್ನು ಹಿಡಿದುಕೊಂಡುಬಿಟ್ಟ. ಪರಗಂಡಸು ಯಜಮಾನಿತಿಯ ಕೈ ಹಿಡಿದದ್ದಕ್ಕೆ ಇಬ್ಬರು ಎದ್ದು ನಿಂತರು.

"ನಾನು ಪುಡಿ ತಿನ್ನಲಿಲ್ಲ" ಎಂದ ಬೆಟ್ಟಸ್ವಾಮಿ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. ಚೀಲದಿಂದ ಅವ್ವನ ಡಬ್ಬಿ ತೆಗೆದು ಎಲ್ಲರೆದುರು ಮುಚ್ಚಳ ಬಿಚ್ಚಿದ. "ಅವತ್ತು ನಾನು ತಿಂದದ್ದು ಇದು. ವಿಭೂತಿ. ನೀವು ನಂಬಲಿ ಅಂತ ಮೋಸ ಮಾಡಿದೆ. ಪುಡಿ ವಿಷ. ಆವತ್ತೂ ವಿಷ, ಇವತ್ತೂ ವಿಷ."

ಕಂಠಪ್ಪ ಎದ್ದು ಬಂದ. ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಮೂಸಿದ. ವಿಭೂತಿಯೇ. ಅವನ ಮುಖ ಕಪ್ಪಿಟ್ಟಿತು.

"ಇಬೂತೀಲಿ ಸುಳ್ಳಾಡ್ದೇನ್ಲಾ?" ಇಷ್ಟು ದಿನದ ಬಹುವಚನ ಒಂದೇ ಏಟಿಗೆ ಉದುರಿಹೋಗಿತ್ತು. "ನಿಮ್ಮವ್ವ ಕಟ್ಕೊಟ್ಟ ಇಬೂತೀಲಿ?"

"ಹೌದು."

"ಅವತ್ತೂ ನಂಬಿ ಅಂದೆ, ಇವತ್ತೂ ನಂಬಿ ಅಂತೀಯ. ಯಾವುದ್ಲಾ ನಿನ್ ದಿಟ? ಅದು ದಿಟವೋ, ಇದು ದಿಟವೋ? ಈಗ ಏನು ತಿಂದು ತೋರಿಸೀಯ?"

ಬೆಟ್ಟಸ್ವಾಮಿಯ ಹತ್ತಿರ ತೋರಿಸಲು ಏನೂ ಇರಲಿಲ್ಲ. ಒಂದು ಕೋಳಿಗೆ ಹಾಕಿದರೆ ಕೋಳಿ ಸಂಜೆಯವರೆಗೂ ಕೆದಕಿಕೊಂಡೇ ಇರುತ್ತದೆ. ಆ ವಿಷ ಅಂಥದು, ಒಳಗೆ ಸೇರಿ ನಿಧಾನವಾಗಿ ನರಗಳನ್ನು ಹಿಡಿಯುವಂಥದು. ತರಬೇತಿಯಲ್ಲಿ ಹಾಗೆಂದೇ ಹೇಳಿದ್ದರು. ಅದನ್ನೇ ಇದ್ದ ಹಾಗೆ ಹೇಳಿದ. ಯಾವ ದನಿಯನ್ನೂ ಕಟ್ಟಲಿಲ್ಲ, ಯಾರನ್ನೂ ನಗಿಸಲಿಲ್ಲ. ಕೈ ನಡುಗುತ್ತದೆ, ಬಾಯಿ ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಮಕ್ಕಳಿಗೆ ಬೇಗ ಹಿಡಿಯುತ್ತದೆ ಎಂದ. ತೋರಿಸಲು ನನ್ನ ಹತ್ತಿರ ಏನೂ ಇಲ್ಲ ಎಂದೂ ಹೇಳಿದ.

"ನಾಟಕ ಕಣ್ರೋ" ಎಂದಿತು ಒಂದು ಗಂಟಲು. "ಮಿಕ್ಕಿದ ಬೀಜ ಆಫೀಸ್ಗೆ ಬೇಕಾಗ್ಯದೆ, ಅದ್ಕೇ."

ಕಂಠಪ್ಪ ಕೈ ಎತ್ತಿದ. ಹೊಡೆಯುತ್ತಿದ್ದನೋ ಏನೋ. ಅಷ್ಟರಲ್ಲಿ ಮಂಗಳಗೌರಿ ಸೌಟನ್ನು ಹಂಡೆಯ ಬಾಯಿಗೆ ಅಡ್ಡ ಇಟ್ಟಳು.

"ಸುಳ್ಳಾಡೋನು ಮರ್ವಾದೆ ಉಳಿಸ್ಕಳಕ್ಕೆ ಆಡ್ತಾನೆ" ಎಂದಳು ಗಂಡನಿಗೆ. "ಇವ್ನು ನಲವತ್ತು ಜನದ ಮುಂದೆ ಕಳ್ಕಂಡ. ಇದ್ರಲ್ಲಿ ಇವ್ನಿಗೇನು ಸಿಕ್ತದೆ, ಯೋಳಿ?"

"ಪೂಜೆ ಅಂಬ್ಲಿ ಚೆಲ್ತೀಯೇನೇ?"

"ಚೆಲ್ಲಕಿಲ್ಲ. ನೆಲತಾಯಿದು ನೆಲತಾಯಿಗೇ ಕೊಡ್ತೀನಿ. ಗುದ್ಲಿ ತತ್ತರ್ರೋ ಯಾರಾದ್ರೂವೆ." ಬಟ್ಟಲು ಹಿಡಿದು ಕಾದಿದ್ದ ಮಕ್ಕಳನ್ನು ತೋರಿಸಿ, "ದಿಟವೋ ಸುಳ್ಳೋ ಅಂತ ಇವುಗಳ ಒಟ್ಟೇಲಿ ನೋಡಕ್ಕೆ ನಾ ತಯಾರಿಲ್ಲ" ಎಂದಳು.

ಕಂಠಪ್ಪ ಒಳಗಿದ್ದ ಗುದ್ದಲಿಯನ್ನು ತಾನೇ ತಂದ. ಹಿತ್ತಿಲಲ್ಲಿ ಎದೆಮಟ್ಟದ ಗುಂಡಿ ತೋಡಿ ಹಂಡೆಯ ಅಂಬಲಿಯನ್ನೂ, ಮೊರದಲ್ಲಿ ಮಿಕ್ಕಿದ್ದ ರಾಗಿಯನ್ನೂ ಸುರಿದು ಮುಚ್ಚಿದರು. ಬೆಟ್ಟಸ್ವಾಮಿ ಕೇಳದೆಯೇ ಮಣ್ಣು ಎಳೆದ. ಅವನ ಪಕ್ಕ ಯಾರೂ ನಿಲ್ಲಲಿಲ್ಲ. ಬಾವಿಯ ಹತ್ತಿರ ಬೇಡ ಎಂದು ಅವನು ಹೇಳಿದ್ದಕ್ಕೆ ಮಾತ್ರ ಗುಂಡಿಯನ್ನು ಅತ್ತ ಬೇಲಿಯ ಬದಿಗೆ ತೋಡಿದ್ದರು. ಇಂಥ ಮಾತಿಗೆ ಈ ಊರು ಕಿವಿಗೊಟ್ಟದ್ದು ಅದೇ ಮೊದಲು.

"ಎಷ್ಟೂರಲ್ಲಿ ಈ ಆಟ ಆಡಿದ್ದೀಯ?" ಎಂದು ಕಂಠಪ್ಪ ಕೇಳಿದ್ದು ಗುಂಡಿ ಮುಚ್ಚಿದ ಮೇಲೆ.

"ಇದೂ ಸೇರಿ ಏಳು."

"ಐದೂರಲ್ಲಿ ಬಿತ್ತನೆ ಇನ್ನೂ ನಡೀತಾ ಅದೆ. ಅಲ್ಲಿಗೆ ನಾನೋಯ್ತೀನಿ. ನಿನ್ ಮಾತು ಇನ್ಮೇಲೆ ಯಾರೂ ನಂಬಕಿಲ್ಲ, ನಂದು ನಂಬ್ತಾರೆ. ಸೇವಕ ಮೋಸ ಮಾಡ್ದ, ಬೀಜ ತಿನ್ಬ್ಯಾಡಿ ಅಂತೀನಿ. ನಿನ್ ಎಸ್ರು ಮುಚ್ಚಾಕಕಿಲ್ಲ."

"ಮುಚ್ಚಬೇಡಿ" ಎಂದ ಬೆಟ್ಟಸ್ವಾಮಿ. ಹೇಳುತ್ತಲೇ ಬೆರಳು ಮಡಿಸಿ ಊರುಗಳನ್ನು ಎಣಿಸಿದ. "ಐದು ಅಂದ್ರಿ. ಇನ್ನೊಂದು ಬೀರನಹುಂಡಿ?"

ಕಂಠಪ್ಪ ಹೆಂಡತಿಯ ಕಡೆ ನೋಡಿದ. ಮಂಗಳಗೌರಿ ಕಣ್ಣು ತಗ್ಗಿಸಿದಳು.

"ಅವ್ರು ಮುಂದಾಗೇ ಬಿತ್ತಿದ್ರು" ಎಂದಳು. "ಮೊನ್ನೇನೇ ಆಯ್ತು ಪೂಜೆ."

ಬೀರನಹುಂಡಿ ಬೆಟ್ಟದ ಆಚೆ ಮಗ್ಗುಲಲ್ಲಿತ್ತು. ಕುರುಬರ ಹದಿನೆಂಟು ಮನೆ. ಕೆಸರಿನ ದಾರಿಯಲ್ಲಿ ಸೈಕಲ್ಲನ್ನು ಅರ್ಧ ತುಳಿದು, ಅರ್ಧ ಹೊತ್ತು ಬೆಟ್ಟಸ್ವಾಮಿ ನಡೆದ. ಒಳಜೇಬಿನ ಕಾಗದ ಬೆವರಿಗೆ ಮೈಗೆ ಅಂಟಿಕೊಂಡಿತ್ತು. ಸುದ್ದಿ ಇನ್ನು ಎರಡು ದಿನದಲ್ಲಿ ಗೋವಿಂದಯ್ಯನವರ ಕಿವಿ ಮುಟ್ಟುತ್ತದೆ. ವ್ಯಾನಂತೂ ಇಲ್ಲ, ಈ ಸೈಕಲ್ಲೂ ಉಳಿಯುತ್ತದೋ ಇಲ್ಲವೋ. ಸುಳ್ಳು ಹೇಳಬಾರದು, ಅವನಿಗೆ ತನ್ನ ಬಗ್ಗೆಯೇ ಅಳು ಬಂತು. ಅತ್ತುಕೊಂಡೇ ತುಳಿದ.

ತೊರೆಯ ಹತ್ತಿರ ಬಂದಾಗ ಇನ್ನೊಂದು ಯೋಚನೆ ಮೆಲ್ಲಗೆ ಬಂದು ಭುಜ ಮುಟ್ಟಿತು. ಬೀರನಹುಂಡಿಯವರು ತಿಂದಾಯಿತು. ಇನ್ನು ತಡೆಯುವುದು ಏನಿದೆ? ಯಾರಿಗಾದರೂ ಏನಾದರೂ ಆದರೆ ಗಾಳಿ ಸೋಂಕು ಅನ್ನುತ್ತಾರೆ, ದೆವ್ವ ಅನ್ನುತ್ತಾರೆ, ದೇವರು ಮುನಿದ ಅನ್ನುತ್ತಾರೆ. ಬೆಟ್ಟದ ಆಚೆಯ ಸುದ್ದಿ ಇಲ್ಲಿಗೆ ಬಂದರೂ ಪುಡಿಗೂ ಕಾಯಿಲೆಗೂ ಗಂಟು ಹಾಕುವವರು ಯಾರೂ ಇಲ್ಲ, ಅವನೊಬ್ಬನನ್ನು ಬಿಟ್ಟು. ಮಾಕನಕೊಪ್ಪಲಿನಲ್ಲಿ ಬಾಯಿ ಬಿಟ್ಟದ್ದು ಜನ ಉಳಿಯಲಿ ಎಂದು. ಇಲ್ಲಿ ಬಾಯಿ ಬಿಟ್ಟರೆ ಉಳಿಯುವುದೇನು? ಕಲ್ಲೇಟು ಮಾತ್ರ ಗ್ಯಾರಂಟಿ.

ಅವನು ತೊರೆಯ ನಡುವೆ ಮೊಣಕಾಲುದ್ದ ನೀರಿನಲ್ಲಿ ಸೈಕಲ್ಲು ಹಿಡಿದು ನಿಂತ. ಯಾರಾದರೂ ಕಾಯಿಲೆ ಬಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ತಿಂದದ್ದು ಏನು ಎಂದು ಗೊತ್ತಾಗಬೇಕು. ಅದು ಎಂಥ ಪುಡಿ ಎಂದು ಸರಿಯಾಗಿ ಗೊತ್ತಿರುವುದು ತನಗೆ ಮಾತ್ರ. ತಾನು ಸುಮ್ಮನಿದ್ದರೆ ಆ ಜನ ಮಂತ್ರವಾದಿಯ ಹತ್ತಿರ ಹೋಗಿ ಕೋಳಿ ಕೊಯ್ಯುತ್ತ ಕೂರುತ್ತಾರೆ. 'ಥೂ ನನ್ನ ಬಾಳಿಗೆ' ಎಂದು ತನಗೆ ತಾನೇ ಬೈದುಕೊಂಡು ಆಚೆ ದಡ ಹತ್ತಿದ.

ಊರ ಮೊದಲ ಮನೆ ಚಿಕ್ಕಬೀರಮ್ಮನದು. ಊರಿಗೆಲ್ಲ ಹಿರಿಯಳು, ಬಿತ್ತನೆಯ ಬೀಜವನ್ನು ಅವಳ ಕೈಯಿಂದಲೇ ಎತ್ತಿಕೊಳ್ಳುವುದು ರೂಢಿ. ಜಗಲಿಯ ಮೇಲೆ ಕಂಬಳಿ ಹಾಸಿ ಮಗಳು ಚಾಮುಂಡಮ್ಮನನ್ನು ಮಲಗಿಸಿದ್ದಳು. ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಬೆಟ್ಟಸ್ವಾಮಿಯನ್ನು ಕಂಡು ಮುದುಕಿಯ ಮುಖ ಅರಳಿತು.

"ಬಾ ನನ್ನಪ್ಪ, ಪುಡಿ ಸೇವ್ಕ! ನೀನು ಕೊಟ್ಟ ಬೀಜ ಎಂಗೆ ಮೊಳ್ತದೆ ನೋಡೋಗು, ಒಂದ್ ಕಾಳೂ ಉಸಿಯಾಗಿಲ್ಲ."

"ಮಗಳಿಗೇನಾಗಿದೆ ಅಜ್ಜಿ?"

"ನೆನ್ನೆಯಿಂದ ವಾಂತಿ. ಬಸುರಿ ಎಂಗಸಲ್ವಾ, ಇದ್ದದ್ದೇ. ಕುಳ್ಳಯ್ಯನ ಮನೇಲೂ ಇಬ್ರಿಗೆ ಒಟ್ಟೆ ಕೆಟ್ಟದೆ. ಪೂಜೆ ದಿನ ಯಾರ್ದೋ ಕಣ್ಣು ಬಿದ್ದದೆ."

ಅಷ್ಟೇ. ಅವನು ಮಗಳ ಆರೋಗ್ಯ ವಿಚಾರಿಸಿ, ಮೊಳಕೆ ನೋಡಿ, ಮಜ್ಜಿಗೆ ಕುಡಿದು ತಿರುಗಿ ಹೋಗಬಹುದಾಗಿತ್ತು. ಮುದುಕಿ ಮಜ್ಜಿಗೆ ತರಲು ಎದ್ದಿದ್ದಳು ಕೂಡ.

"ಕೂತ್ಕೋ ಅಜ್ಜಿ" ಎಂದ ಬೆಟ್ಟಸ್ವಾಮಿ. "ಕಣ್ಣು ಯಾರದ್ದೂ ಬಿದ್ದಿಲ್ಲ. ಎಲ್ಲರನ್ನೂ ಕೂಗು. ನಾನು ಒಂದು ಹೇಳಬೇಕು."

ಹದಿನೆಂಟು ಮನೆಯೂ ಅಂಗಳಕ್ಕೆ ಬಂತು. ಸೇವಕ ಬಂದಿದ್ದಾನೆ, ಇವತ್ತು ಯಾರ ದನಿ ಮಾಡುತ್ತಾನೋ ಎಂದು ನಗುಮುಖದಲ್ಲೇ ಬಂದು ಕೂತರು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ವಿಭೂತಿ ನುಂಗಿದ್ದು, ಪುಡಿ ವಿಷವಾಗಿದ್ದು, ಪೂಜೆಯ ಅಂಬಲಿ ಯಾವ ಬೀಜದ್ದು ಎಂಬುದು. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಕುಳ್ಳಯ್ಯ ಎಂಬ ಎತ್ತರದ ಆಳು ಒಂದೇ ನೆಗೆತಕ್ಕೆ ಬಂದು ಅವನ ಕೊರಳಪಟ್ಟಿ ಹಿಡಿದ. ಅಂಗಿ ಹರಿಯಿತು. ಕೆನ್ನೆಗೆ ಬಿದ್ದ ಏಟಿಗೆ ಬಾಯಲ್ಲಿ ರಕ್ತದ ರುಚಿ ಬಂತು. ಬೆಟ್ಟಸ್ವಾಮಿ ಕೈ ಅಡ್ಡ ತರಲಿಲ್ಲ.

"ಒಡೆಯೋದು ಆಮ್ಯಾಕೆ ಒಡಿ" ಎಂದಳು ಚಿಕ್ಕಬೀರಮ್ಮ. ಅವಳು ಎದ್ದು ಬಂದು ಅವನೆದುರು ನಿಂತಳು. ಅವನ ಎದೆಯೆತ್ತರಕ್ಕೂ ಇರಲಿಲ್ಲ ಆ ಮುದುಕಿ. "ನೀನು ಓದ್ದೋನು. ಯೋಳು. ನಾನು ಎರಡು ಬಟ್ಲು ಕುಡ್ದಿವ್ನಿ, ನನ್ನ ಮಗ್ಳು ಒಂದು ಬಟ್ಲು ಕುಡ್ದವ್ಳೆ. ನಮಗೇನಾಯ್ತದೆ? ಅವಳ ಒಟ್ಟೇಲಿರೋ ಕೂಸಿಗೆ ಏನಾಯ್ತದೆ?"

ಎರಡು ವರ್ಷದಲ್ಲಿ ಈ ಊರುಗಳಲ್ಲಿ ಅವನು ಉತ್ತರ ಕೊಡದ ಪ್ರಶ್ನೆ ಇರಲಿಲ್ಲ. ಗೊತ್ತಿದ್ದರೆ ಗೊತ್ತಿದ್ದದ್ದು, ಇಲ್ಲದಿದ್ದರೆ ಒಂದು ಕತೆ. ಈಗಲೂ ಒಂದು ಮಾತು ಬಾಯಿಗೆ ಬಂದಿತ್ತು: ಏನೂ ಆಗುವುದಿಲ್ಲ ಅಜ್ಜಿ, ಹೆದರಬೇಡ. ಕೇಳಲು ಹಿತವಾದ ಮಾತು. ಜಗಲಿಯ ಮೇಲಿಂದ ಚಾಮುಂಡಮ್ಮ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. ಆ ಮಾತಿಗೇ ಅವಳು ಕಾಯುತ್ತಿದ್ದಳು.

"ನನಗೆ ಗೊತ್ತಿಲ್ಲ ಅಜ್ಜಿ" ಎಂದ.

ಚಾಮುಂಡಮ್ಮ ತಲೆಯನ್ನು ಮತ್ತೆ ಕಂಬಳಿಗೆ ಇಟ್ಟಳು.

"ಒಂದು ಬಟ್ಟಲಿಗೆ ಏನಾಗುತ್ತೆ ಅಂತ ನನಗೆ ಯಾರೂ ಕಲಿಸಿಲ್ಲ. ಏನೂ ಆಗದೇ ಇರಬಹುದು, ಆಗಲೂಬಹುದು. ಮೈಸೂರಿನ ದೊಡ್ಡಾಸ್ಪತ್ರೆಯವರಿಗೆ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಅಲ್ಲಿಗೆ ಹೋಗಬೇಕು ಅನ್ನೋದು ಮಾತ್ರ ಗೊತ್ತು. ನಾನು ಜೊತೇಲಿ ಬರ್ತೀನಿ. ಯಾರು ಎಷ್ಟು ಕುಡಿದರು ಅಂತ ಬರೆದುಕೊಳ್ತೀನಿ, ಯಾವ ಪುಡಿ, ಯಾರು ಕೊಟ್ಟದ್ದು ಅಂತ ನಾನೇ ಅವರಿಗೆ ಹೇಳ್ತೀನಿ."

ಚಿಕ್ಕಬೀರಮ್ಮ ಅವನ ಮುಖವನ್ನೇ ನೋಡಿದಳು.

"ಗೊತ್ತಿಲ್ಲ ಅಂದ್ಯಲ್ಲ, ಅದೊಂದು ನಂಬ್ತೀನಿ" ಎಂದಳು. ಆಮೇಲೆ ಕುಳ್ಳಯ್ಯನ ಕಡೆ ತಿರುಗಿ, "ಕೊಳ್ಪಟ್ಟಿ ಬುಡ್ಲಾ. ಗಾಡಿ ಕಟ್ಟು" ಎಂದಳು.

ಕುಳ್ಳಯ್ಯ ಕೈ ಬಿಟ್ಟ. ಬೆಟ್ಟಸ್ವಾಮಿ ಒಳಜೇಬಿನಿಂದ ಗೋವಿಂದಯ್ಯನವರ ಕಾಗದವನ್ನು ತೆಗೆದ. ಬರೆಯಲು ಅವನ ಹತ್ತಿರ ಬೇರೆ ಹಾಳೆಯಿರಲಿಲ್ಲ. ಅದರ ಹಿಂಬದಿಯ ಖಾಲಿ ಮಗ್ಗುಲಲ್ಲಿ ಮೊದಲು ಚಾಮುಂಡಮ್ಮನ ಹೆಸರು ಬರೆದು, ಮುಂದೆ ಒಂದು ಬಟ್ಟಲು ಎಂದು ಬರೆದು, ಮುಂದಿನವರನ್ನು ಕರೆದ.